ನಲವತ್ತು ಹಲ್ಲು

ಹತ್ತೂ ಇದ್ದವು.
ಮೊದಲ ದಿನ ನಾವು ನೋಡಿದ್ದು ಅದನ್ನೇ,
ಈರಾಚಾರ್ ಮೇಷ್ಟ್ರ ಬೆರಳು.
ಮರಗೆಲಸದ ಮೇಷ್ಟ್ರೆಂದ ಮೇಲೆ ಒಂದಾದರೂ ಮೊಟಕಿರಬೇಕು,
ಅದಕ್ಕೊಂದು ಕತೆ ಇರಬೇಕು ಎಂದು
ಪಂದ್ಯ ಕಟ್ಟಿದ್ದ ಹಾಲೇಶ
ಎರಡು ಪೆಪ್ಪರಮಿಂಟು ಸೋತ.

ಸಾಗರದಲ್ಲಿ, ಸೊರಬ ರಸ್ತೆಯ ಶಾಲೆ, ಹಿಂದೊಂದು ತಗಡಿನ ಶೆಡ್ಡು.
ಗೋಡೆಯ ಮೇಲೆ ಉಳಿ, ಹತ್ತರಿ, ಕೊಡತಿ, ಮೂಲೆಮಟ್ಟ.
ಒಂದೊಂದರ ಹಿಂದೆ ಅದರದೇ ಆಕಾರ
ನೀಲಿ ಬಣ್ಣದಲ್ಲಿ ಬರೆದಿತ್ತು.
ಸಂಜೆ ಯಾವ ನೆರಳು ಖಾಲಿ ಇದೆಯೋ
ಅದು ತುಂಬುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ.
ಒಮ್ಮೆ ಅರ್ಧ ಇಂಚಿನ ಉಳಿಗಾಗಿ
ಕೊನೇ ಬಸ್ಸು ತಪ್ಪಿಸಿಕೊಂಡೆವು.

ನಾಲ್ಕು ವಾರ ಯಂತ್ರ ಮುಟ್ಟಗೊಡಲಿಲ್ಲ.
ತಳ್ಳುಕೋಲು ಮಾಡಿಸಿದರು: ಅಕೇಶಿಯಾ ತುಂಡು,
ತುದಿಗೊಂದು ಕಚ್ಚು, ಹಿಡಿಯಲೊಂದು ಬಾಗು.
"ಗರಗಸಕ್ಕೆ ಹಸಿವಾದರೆ ಇದನ್ನು ತಿನ್ನಲಿ."
ಜಡೆ ಎತ್ತಿ ಕಟ್ಟು. ದುಪಟ್ಟಾ ಮೊಳೆಗೆ ಹಾಕು.
ತೋಳು ಮಡಚು. ಕೈದಾರ ಬಿಚ್ಚು.
ಅಜ್ಜಿ ಕಟ್ಟಿದ್ದು ಸಾರ್, ಎಂದೆ.
"ಶೆಡ್ಡಿನೊಳಗೆ ನಿನ್ನ ಕಾಯೋ ಕೆಲಸ ನಂದು
ಅಂತ ಅಜ್ಜಿಗೆ ಹೇಳು."

ಮೊಂಡು ಉಳಿಯೇ ಕೈ ಕಡಿಯುವುದು ಎನ್ನುತ್ತಿದ್ದರು,
ಹರಿತದ್ದು ಹೇಳಿದ ಮಾತು ಕೇಳುತ್ತದೆ.
ನಮಗೆ ಅದು ತಮಾಷೆ. ಹಾಲೇಶನನ್ನು ಮೊಂಡುಳಿ ಎಂದು ಕರೆದೆವು.

ಜೋಗ ನಮ್ಮ ಮಗ್ಗುಲಲ್ಲೇ.
ಊರೂರಿಗೆ ಬೆಳಕು ಕಳಿಸುವ ಸೀಮೆಯಲ್ಲಿ
ಕರೆಂಟು ಬಂದುಹೋಗುವ ನೆಂಟ.
ಆವತ್ತು ಹಲಸಿನ ಹಲಗೆ ಅರ್ಧ ಸೀಳಿತ್ತು. ಹೋಯಿತು.
ಗರಗಸ ಗುಂಯ್‌ಗುಟ್ಟಿ, ಗೊಣಗಿ, ಕೊನೆಗೆ
ಒಂದೊಂದೇ ಹಲ್ಲು ಕಾಣುವಷ್ಟು ನಿಧಾನವಾಗಿ, ನಿಂತಿತು.
ಎಲ್ಲರೂ ಓ ಎಂದರು.
ಹಲ್ಲಿಗೂ ಹಲಗೆಗೂ ನಡುವೆ ಚಕ್ಕೆಯೊಂದು ಸಿಕ್ಕಿಕೊಂಡಿತ್ತು.
ತಳ್ಳುಕೋಲು ಬೆಂಚಿನ ಮೇಲೆ, ಎರಡು ಮಾರು ದೂರ.
ಕೈ ಹತ್ತಿರವಿತ್ತು.

ಬಲ್ಬು ಹತ್ತಿತು.
ಫ್ಯಾನು ಅಲುಗಿತು. ರಸ್ತೆಯಾಚೆ ಹಿಟ್ಟಿನ ಗಿರಣಿ
ಕೆಮ್ಮಿ ಶುರುವಾಯಿತು.
ಹೆಬ್ಬೆರಳು, ತೋರುಬೆರಳು
ಚಕ್ಕೆ ಹಿಡಿದು ಹಲ್ಲುಗಳ ನಡುವೆ ಹಾಗೇ ಇದ್ದವು.
ಗರಗಸ ಸುಮ್ಮನಿತ್ತು.

ಸ್ವಿಚ್ಚು ಆಫಾಗಿತ್ತು. ಅದರ ಪಕ್ಕ ನಸ್ರೀನ್,
ಕಿಟಕಿಯಾಚೆ ಏನನ್ನೋ ನೋಡುತ್ತ
ಪೆನ್ಸಿಲ್ಲಿನ ತುದಿ ಕಚ್ಚುತ್ತ ನಿಂತಿದ್ದಳು.

ಮೇಷ್ಟ್ರು ಹೊಡೆಯಲಿಲ್ಲ. ಹೊಡೆದಿದ್ದರೆ ಮರೆಯುತ್ತಿದ್ದೆ.
ಪ್ಲಗ್ಗು ಕಿತ್ತು ನನ್ನ ಎಡಗೈಗೆ ಕೊಟ್ಟು, ಬಿಡಬೇಡ ಎಂದರು.
"ಈಗ ಹಲ್ಲು ಎಣಿಸು. ಗಟ್ಟಿಯಾಗಿ."
ನಲವತ್ತು.
"ಬೆರಳು?"
ಆರಕ್ಕೆ ಬಂದಾಗ ಗಂಟಲು ಕಟ್ಟಿತು.
ಆಗ ಕಂಡಿದ್ದು, ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋದ ಅವರ ಕೈ
ಪೆನ್ಸಿಲ್ಲು ಸಿಗದೆ ಕೂದಲಲ್ಲೇ ತಡಕಾಡುತ್ತಿತ್ತು.

ಮೊನ್ನೆ ಆನಂದಪುರದ ಬಸ್ಸಿನಲ್ಲಿ ನಸ್ರೀನ್ ಸಿಕ್ಕಳು,
ಮಡಿಲಲ್ಲಿ ಮಗು, ಕಾಲ ಬುಡದಲ್ಲಿ ಈರುಳ್ಳಿ ಚೀಲ.
ಇಷ್ಟು ವರ್ಷ ಇಟ್ಟುಕೊಂಡಿದ್ದನ್ನೆಲ್ಲ ಹೇಳಿದೆ.
ಯಾವತ್ತು? ಎಂದಳು.
"ಕರೆಂಟು ಹೋದರೆ ಆಫ್ ಮಾಡ್ತಿದ್ವಲ್ಲ, ಯಾವಾಗಲೂ?"
ನೆನಪೇ ಇಲ್ಲ ಅವಳಿಗೆ.
ಮಗು ನನ್ನ ತೋರುಬೆರಳು ಹಿಡಿದು
ಬಾಯಿಗೆ ಎಳೆಯುತ್ತಿತ್ತು. ಹಲ್ಲು ಇನ್ನೂ ಎರಡೇ.

ಈಗಲೂ ಮನೆಯಲ್ಲಿ ದೀಪ ಹೋದರೆ
ನಾನು ಮೇಣದಬತ್ತಿ ಹುಡುಕುವುದಿಲ್ಲ.
ಕತ್ತಲಲ್ಲಿ ಗೋಡೆ ಸವರುತ್ತ ಅಡುಗೆಮನೆಗೆ ಹೋಗಿ
ಮಿಕ್ಸಿಯ ಸ್ವಿಚ್ಚು ಆಫ್ ಮಾಡುತ್ತೇನೆ.
"ಅರ್ಧ ಅರೆದ ಚಟ್ನಿ, ಅದೇನು ಕಚ್ಚುತ್ತಾ?" ಎಂದು
ಎಲ್ಲಿಂದಲೋ ನಗುತ್ತಾಳೆ ವನಮಾಲ.