ಮೆಟ್ಟಿಲಿಲ್ಲದ ಬೀದಿ

ಕೊರ್ಚುಲಾದ ಹಳೆಯೂರಲ್ಲಿ ಬೀದಿಗಳೆಲ್ಲ ಮೀನಿನ ಮುಳ್ಳು,
ನಡುವಿನ ಬೆನ್ನೆಲುಬಿನಿಂದ ಎರಡೂ ಕಡೆ ಕಡಲಿಗಿಳಿಯುತ್ತವೆ.
ಬೇಸಗೆಯ ತಂಗಾಳಿ ಬರಲೆಂದು ಪಡುವಣದವು ನೆಟ್ಟಗೆ,
ಚಳಿಗಾಲದ ಬೂರಾ ನುಗ್ಗದಿರಲೆಂದು ಮೂಡಣದವು ತುಸು ಡೊಂಕು.
ಎಲ್ಲಕ್ಕೂ ಮೆಟ್ಟಿಲು. ಒಂದನ್ನು ಬಿಟ್ಟು.

ಆ ಒಂದಕ್ಕೆ ಯೋಚನೆಯ ಬೀದಿ ಅಂತ ಹೆಸರು.
ಕಾಲ ಕೆಳಗೆ ನೋಡಬೇಕಿಲ್ಲವಲ್ಲ,
ತಲೆಯೆತ್ತಿ ಏನು ಬೇಕಾದರೂ ಯೋಚಿಸಬಹುದಂತೆ.
ಪ್ರವಾಸಿಗರಿಗೆ ಹೀಗೆ ಹೇಳುತ್ತಾರೆ. ಅವರು ನಗುತ್ತಾರೆ,
ಐಸ್‌ಕ್ರೀಮು ಕಲ್ಲಿನ ಮೇಲೆ ತೊಟ್ಟಿಕ್ಕುತ್ತದೆ.

ನಾನು ಪೆರಿನಾ, ಮೂವತ್ತೊಂದು ವರ್ಷ ಅಂಚೆ ಹಂಚಿದವಳು.
ಸೈಕಲ್ಲಿಲ್ಲ, ಗಾಡಿಯಿಲ್ಲ, ಈ ಊರಿಗೆ ಚಕ್ರವೇ ಆಗಿಬರದು.
ಎಡ ಹೆಗಲು ಇವತ್ತಿಗೂ ಬಲಕ್ಕಿಂತ ಒಂದು ಬೆರಳು ತಗ್ಗು.
ಮನೆಯವರ ಮುಖಕ್ಕಿಂತ ಮೊದಲು ನನಗೆ ಗುರುತಿದ್ದದ್ದು
ಅವರವರ ಹೊಸ್ತಿಲ ಸವೆತ.

ಒಂದು ಫೆಬ್ರುವರಿ, ಪುಂತಾ ಅರೇನಾಸಿನಿಂದ ಲಕೋಟೆ ಬಂತು,
ಸುತ್ತ ಕಪ್ಪು ಅಂಚು.
ಮೇಲೆ ವಿಂಕಾಳ ಹೆಸರು, ಅಕ್ಷರ ಅವಳ ಮಗನದಲ್ಲ.
ಎರಡು ದಿನ ಚೀಲದ ತಳದಲ್ಲೇ ಇಟ್ಟುಕೊಂಡೆ.
ಸರಿ, ಯೋಚಿಸೋಣವೆಂದು ಆ ಬೀದಿಗೇ ಹೋದೆ,
ಈ ತುದಿಯಿಂದ ಆ ತುದಿಗೆ ನೂರಿಪ್ಪತ್ತು ಹೆಜ್ಜೆ,
ಹೋದೆ, ಬಂದೆ, ಮತ್ತೆ ಹೋದೆ.
ನಿಜ ಹೇಳಲೇ? ಅಲ್ಲಿ ನನಗೆ ಹೊಳೆದದ್ದಿಷ್ಟು:
ಉಪ್ಪು ಹಾಕಿಟ್ಟ ಸಾರ್ಡೀನಿನ ಮೇಲೆ ಕಲ್ಲು ಹೇರಿದ್ದೆನೋ ಇಲ್ಲವೋ.
ಯಾರದೋ ಹಗ್ಗದಲ್ಲಿ ಒಂದೇ ತೋಳು ಒಣಗಿದ ಅಂಗಿ.
ನುಣುಪು ಹಾಸುಗಲ್ಲಿನ ಮೇಲೆ ಯೋಚನೆಗೂ ಕಾಲು ನಿಲ್ಲುವುದಿಲ್ಲ.

ಆಮೇಲೆ ಅವಳ ಬೀದಿ ಹತ್ತಿದೆ. ಹದಿನೇಳು ಮೆಟ್ಟಿಲು.
ಮೂರನೆಯದರಲ್ಲಿ, ಪಾದ್ರಿಯನ್ನು ಕರೆತರಲೇ ಅಂದುಕೊಂಡೆ.
ಏಳನೆಯದರಲ್ಲಿ, ಬೇಡ.
ಹತ್ತನೆಯದು ಒಡೆದಿತ್ತು, ದಾಟುವಾಗ ಏನೂ ಅಂದುಕೊಳ್ಳಲಿಲ್ಲ.
ಹದಿನಾಲ್ಕರಲ್ಲಿ ಟೋಪಿ ತೆಗೆದೆ.

ಬಾಗಿಲು ತೆರೆದೇ ಇತ್ತು.
ವಿಂಕಾ ನನ್ನ ಬೋಳು ತಲೆ ನೋಡಿದಳು,
ಕೈಚಾಚಿ ಲಕೋಟೆ ಕೇಳಲಿಲ್ಲ.
ಕುರ್ಚಿಯ ಮೇಲಿದ್ದ ಬೆಕ್ಕನ್ನು ಎತ್ತಿ ಕೆಳಗಿಟ್ಟು,
‘ಕೂತುಕೋ, ಕಾಲು ನೋಯುತ್ತಿರಬೇಕು’ ಅಂದಳು.

ಈಗ ನನ್ನ ಸೊಂಟದಲ್ಲಿ ಲೋಹದ ಕೀಲು.
ಮೆಟ್ಟಿಲು ಬೇಡವೆಂದಿದ್ದಾರೆ ಡಾಕ್ಟರು,
ಉಳಿದದ್ದು ಇದೊಂದೇ ಬೀದಿ.
ಸಂಜೆ ನೂರಿಪ್ಪತ್ತು ಹೋಗುತ್ತೇನೆ, ನೂರಿಪ್ಪತ್ತು ಬರುತ್ತೇನೆ.
ಏನಜ್ಜಿ ಯೋಚನೆ, ಅನ್ನುತ್ತಾರೆ ಹುಡುಗರು.
ಸಾರ್ಡೀನು, ಅನ್ನುತ್ತೇನೆ.
ಅಡ್ಡಬೀದಿಯ ಬಾಯಿಗೆ ಬಂದಾಗ ಮಾತ್ರ
ಬಲಗಾಲು ತಾನಾಗಿ ತುಸು ಮೇಲೇಳುತ್ತದೆ.