ಸುಳ್ಳು ನೋವು

ಬಿಸಿಲಿದ್ದ ದಿನ ತಂದರೆ ಒಂದೇ ಕೀಲಿಗೆ ಎದ್ದು ನಿಲ್ಲುತ್ತದೆ,
ಡಾಕ್ಟರ ಬಾಗಿಲಲ್ಲಿ ಜ್ವರ ಇಳಿದ ಮಗುವಿನ ಹಾಗೆ.
ಎಫಿಜೇನಿಯಾ ಬಾಯಿ ನನ್ನ ಮುಖ ನೋಡುತ್ತಾರೆ:
"ಆಣೆ ಮಾಡಿ ಹೇಳುತ್ತೇನೆ, ನಿನ್ನೆ ಮಳೆಯಲ್ಲಿ
ಹದಿನಾರು ಸಲ ತಿರುಗಿಸಿದೆ.
ಕೆಮ್ಮಿತೇ ಹೊರತು ಉಸಿರು ಹಿಡಿಯಲಿಲ್ಲ."

ನಾನು ನಂಬುತ್ತೇನೆ.
ಶಿವೋಲಿಯ ಈ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತೆರಡು ಮಳೆಗಾಲ ಕಳೆದವನಿಗೆ ಗೊತ್ತು,
ಮೊದಲು ಸುಳ್ಳು ಹೇಳುವುದು ಗಾಡಿ.
ಗಿರಾಕಿಯ ಸರದಿ ಬಿಲ್ಲು ಕೊಟ್ಟ ಮೇಲೆ.

ಯಾರೋ ಜರ್ಮನ್ ಅಂಜುನಾದಲ್ಲಿ ಬಿಟ್ಟುಹೋದ ವ್ಯಾನು.
ಹಿಂದೆ ಇಂಜಿನ್ನು, ನಡುವೆ ಮಂಚ, ಮಂಚದ ಪಕ್ಕ ಸ್ಟವ್ವು,
ಕಿಟಕಿಗೆ ಬಾಯಿಯೇ ಹೊಲಿದ ಅನಾನಸಿನ ಪರದೆ.
ಮೂವತ್ತಾರು ವರ್ಷ ಮಾಪುಸಾ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು.
ಜೊತೆಯವರು ನಿವೃತ್ತಿಯ ಹಣಕ್ಕೆ ಬಳೆ ಮಾಡಿಸಿದರು,
ಇವರು ಇದನ್ನು ಕೊಂಡರು.
"ರಾತ್ರಿಪಾಳಿ ಮಾಡಿದವಳಿಗೆ ಮನೆಯ ಮಂಚ ಒಗ್ಗುವುದಿಲ್ಲ,
ಹಾಸಿಗೆಗೆ ಗಾಲಿ ಇರಬೇಕು."

ಪ್ಲಗ್ಗು ಬದಲಿಸಿದೆ. ಬ್ಯಾಟರಿಯ ತುದಿಗೆ ಕಟ್ಟಿದ
ಬಿಳಿ ಉಪ್ಪನ್ನು ಬಿಸಿನೀರಲ್ಲಿ ತೊಳೆದೆ.
ಕಾರ್ಬ್ಯುರೇಟರಿನ ಬಟ್ಟಲಲ್ಲಿ ನೀರಿಲ್ಲ.
ಪಾಯಿಂಟಿಗೆ ಮರಳುಕಾಗದ ಉಜ್ಜಿದೆ, ಕಾಯಿಲು ಎರವಲು ತಂದು ಹಾಕಿದೆ.
ಪ್ರತಿ ಸಲವೂ ಬಿಸಿಲು, ಪ್ರತಿ ಸಲವೂ ಸೈ.
ನಾಲ್ಕನೆಯ ವಾರ ಬಾಯಿ ಹೇಳಿದರು:
"ಹಗಲು ತೋರಿಸುವುದೆಲ್ಲ ಸುಳ್ಳು ನೋವು.
ನಿಜವಾದದ್ದು ರಾತ್ರಿಯೇ ಬರುವುದು.
ಕೂತು ಕಾಯಬೇಕು, ಬಾ."

ಶಾಪೋರಾ ನದಿಯ ದಂಡೆ. ಜುಲೈ.
ಮೀನಿನ ಬಲೆಯ ವಾಸನೆ, ಸ್ಟವ್ವಿನ ಮೇಲೆ ಚಹಾ.
ನಾನು ಇಂಜಿನ್ನಿನ ಬಗ್ಗೆ, ಅವರು ಅವಳಿ ಮಕ್ಕಳ ಬಗ್ಗೆ,
ಒಬ್ಬರದು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಾ ಮಾತಾಡಿದೆವು.
ಎರಡೂ ಇಪ್ಪತ್ತಕ್ಕೆ ಮಳೆ ಬಂತು.
ಒಂದು ಗಂಟೆ ನೆನೆಯಲು ಬಿಟ್ಟು
ಹಿಂದಿನ ಬಾಗಿಲೆತ್ತಿ ಟಾರ್ಚು ಆರಿಸಿದೆ.
ಹುಬ್ಬಳ್ಳಿಯಲ್ಲಿ ಕೆಲಸ ಕಲಿಸಿದ ಬಾಷಾಸಾಬ ಅನ್ನುತ್ತಿದ್ದ,
"ಬೆಳಕಿನ್ಯಾಗ ಹುಡುಕಬ್ಯಾಡೋ ಹುಚ್ಚಾ,
ಕಳ್ಳ ಬೆಳಕಿಗೆ ಬರೂದಿಲ್ಲ."

"ಈಗ ತಿರುಗಿಸಿ," ಎಂದು ಕೂಗಿದೆ.

ಬಂತು.
ಡಿಸ್ಟ್ರಿಬ್ಯೂಟರಿನ ಟೋಪಿಯ ಮೇಲೆ
ಕೂದಲಿಗಿಂತ ತೆಳುವಾದ ನೀಲಿ ಎಳೆ
ಚಿಟಿಚಿಟಿ ಎಂದು ಓಡಿ, ನಿಂತು, ಮತ್ತೆ ಓಡಿ,
ಊರು ಮುಟ್ಟಬೇಕಾದ ಕಿಡಿ
ದಾರಿಯಲ್ಲೇ ಬಸ್ಸಿಳಿದು ಒದ್ದೆ ಕಬ್ಬಿಣಕ್ಕೆ ನಡೆದುಹೋಗುತ್ತಿತ್ತು.

ಛತ್ರಿ ಹಿಡಿದು ಬಂದು ಬಗ್ಗಿ ನೋಡಿದರು.
ಕೀಲಿಗೆ ನಾನು ಹೋಗಿ ತಿರುಗಿಸಿದೆ.
"ಆಯ್, ಎಷ್ಟು ಚಂದ!"
ಅದೇ ರೋಗ ಎಂದು ಹೇಳುವುದು ನನಗೆ ಮರೆತುಹೋಯಿತು.
"ಇನ್ನೊಮ್ಮೆ," ಅಂದರು.
ಬ್ಯಾಟರಿ ಸೋಲುತ್ತಿತ್ತು. ಆದರೂ ಇನ್ನೊಮ್ಮೆ.

ಟೋಪಿ ಬಿಚ್ಚಿ ಅನಾನಸಿನ ಪರದೆಯಲ್ಲಿ ಒರೆಸಿ
ಸ್ಟವ್ವಿನ ಶಾಖಕ್ಕೆ ಹಿಡಿದೆ. ಆಗ ಕಂಡಿತು,
ಉಗುರಿಗೆ ಸಿಕ್ಕೂ ಸಿಗದ ಬಿರುಕು.
"ಹೊಸದು ಪುಣೆಯಿಂದ ಬರಬೇಕು, ಹತ್ತು ದಿನ."
ಬಾಯಿ ಪರ್ಸು ತಡಕಿ ಒಂದು ಪುಟ್ಟ ಬಾಟಲಿ ತೆಗೆದರು.
"ಮಿನುಗಿನದಾದರೆ ಬೇಡ," ಅಂದೆ, "ಅದು ಕಿಡಿಯನ್ನು ಕರೆಯುತ್ತದೆ."
"ಮೂವತ್ತಾರು ವರ್ಷ ಉಗುರಿಗೆ ಬಣ್ಣ ಹಚ್ಚಲು ಬಿಡಲಿಲ್ಲ ನಮ್ಮನ್ನು.
ಈಗ ಹಚ್ಚುತ್ತೇನೆ. ಬರೀ ಕೆಂಪು."
ಆ ಕೈ ನಡುಗಲಿಲ್ಲ. ಬಿರುಕಿನುದ್ದಕ್ಕೆ ಒಂದೇ ಗೆರೆ ಎಳೆದು
ಬಾಯಿಂದ ಊದಿದರು.

ಒಂದು, ನಾಲ್ಕು, ಮೂರು, ಎರಡು ಎಂದು
ತಂತಿಗಳನ್ನು ಎಣಿಸಿ ಸಿಕ್ಕಿಸಿದೆ.
ಮೂರನೆಯ ತಿರುವಿಗೆ ಹಿಡಿಯಿತು.
ಮಳೆ ನಿಂತಿರಲಿಲ್ಲ.

ಪುಣೆಯ ಟೋಪಿ ಬಂದು ಆಗಸ್ಟಿನಿಂದ ಡಬ್ಬಿಯಲ್ಲೇ ಇದೆ.
ಬಾಯಿ ಬಂದಿಲ್ಲ. ತೆರೇಖೋಲ ದಾಟಿ ಉತ್ತರಕ್ಕೆ ಹೋದದ್ದನ್ನು
ದೋಣಿಯವನೊಬ್ಬ ಕಂಡನಂತೆ.
ಬಿಲ್ಲಿನ ಪುಸ್ತಕದಲ್ಲಿ ನನ್ನ ಅಕ್ಷರ ಹಾಗೇ ಉಳಿದಿದೆ:
ಕಾಯ್ದ ಕೂಲಿ, ಒಂದು ರಾತ್ರಿ, ಬಿಟ್ಟಿದೆ.
ಉಗುರುಬಣ್ಣ, ಗಿರಾಕಿಯದು.