ಮುದ್ರೆಯಿಲ್ಲದ ಕಲ್ಲು

ಮೂವತ್ತೊಂದು ವರ್ಷ ನಾನು ಮಾಡಿದ್ದು ಇಷ್ಟೇ:
ಬೈತಖೋಲದ ಧಕ್ಕೆಯಿಂದ ಮಾಜಾಳಿಯವರೆಗೆ
ಅಂಗಡಿ ಅಂಗಡಿ ಹೊಕ್ಕು ತಕ್ಕಡಿಯ ಮುಳ್ಳು ನೋಡುವುದು,
ಕಲ್ಲು ಮಗುಚಿ, ತಳದ ಸೀಸಕ್ಕೆ
ಆ ವರ್ಷದ ಮುದ್ರೆ ಒತ್ತುವುದು.
ಕಳ್ಳ ತೂಕ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ,
ಅನ್ನದ ಹರಳು ಹಲ್ಲಿಗೆ ತಿಳಿದ ಹಾಗೆ.

ಮೊನ್ನೆ ಕಾರವಾರದ ಮೀನುಪೇಟೆ ಮೂಲೆಯಲ್ಲಿ
ವಿಮಾ ಕಚೇರಿಯ ದಯಾನಂದ ಕಳಸ
ಚಹಾದ ಗ್ಲಾಸು ಕುಕ್ಕಿ
"ಹಿಟ್ಲರ್ ಇವನು, ಅಸಲಿ ಹಿಟ್ಲರ್" ಅಂದಾಗ
ನಿವೃತ್ತನಾದ ನನ್ನ ಕೈ ತನ್ನಷ್ಟಕ್ಕೇ
ಆ ಹೆಸರನ್ನು ಮಗುಚಿ ತಳ ನೋಡಿತು.
ಯಾವ ಇಸವಿಯ ಮುದ್ರೆ?
ಕೊನೆಯ ಸಲ ತಪಾಸಣೆ ಆದದ್ದು ಯಾವಾಗ?

ಎದುರು ಬೆಂಚಿನ ರೋಶನ್ ತಾಂಡೇಲ ನಕ್ಕ.
"ತೋರಿಸು ಹಾಗಾದರೆ, ಎಲ್ಲಿದೆ ವಿಷಗಾಳಿಯ ಕೋಣೆ?
ಇಲ್ಲ ತಾನೆ? ಮುಗೀತು."
ಬೈಕು ಹತ್ತಿ ಹೋದ.
ಗೆದ್ದವನ ಬೆನ್ನು ಹೇಗಿರುತ್ತದೆ, ನಿಮಗೆ ಗೊತ್ತು.

ಭಾರೀ ಕಲ್ಲಿನ ತೊಂದರೆಯೇ ಇದು.
ಐವತ್ತು ಕಿಲೋ ಒಂದು ಕಡೆ ಇಟ್ಟು
ಬಾಂಗಡೆ ತೂಗಿದರೆ
ಬಾಂಗಡೆಯ ತಟ್ಟೆ ಆಕಾಶಕ್ಕೆ.
ಕದ್ದ ಬಾಂಗಡೆಯೂ ಹೂವಿನಷ್ಟು ಹಗುರ,
ಕೊಳೆತದ್ದೂ.
"ಅವನನ್ನು ಬಿಡಿಸಿದ್ದು ನೀನೇ" ಅಂದೆ ದಯಾನಂದನಿಗೆ.
"ಮತ್ತೆ ಆ ಲಕ್ಷಲಕ್ಷ ಸತ್ತವರು—
ನಮ್ಮ ವಾರ್ಡಿನ ಜಗಳಕ್ಕೆ ಅವರನ್ನು
ತೂಕದ ಬಟ್ಟು ಮಾಡಬೇಡ, ಮಾರಾಯ."

ಅವನು ಸುಮ್ಮನಾಗುವ ಪೈಕಿ ಅಲ್ಲ.
"ಐವತ್ತು ಕಿಲೋ ತುಂಬುವ ತನಕ ಕಾಯಬೇಕಾ ಸಾಹೇಬರೇ?
ತುಂಬಿದ ದಿನ ತೂಗುವವನು ಉಳಿದಿರುತ್ತಾನಾ?"
ನನ್ನಲ್ಲಿ ಉತ್ತರ ಇರಲಿಲ್ಲ.
ಚಹಾದ ದುಡ್ಡು ನಾನೇ ಕೊಟ್ಟೆ.

ಶೆಟ್ಲಿ ಕೊಳ್ಳುವಾಗ ಶೆವಂತಿ ಪೆಡ್ನೇಕರಳಿಗೆ ಇದನ್ನೇ ಹೇಳಿದೆ.
ಎಂಬತ್ತು ದಾಟಿದವಳು. ಅವಳಲ್ಲಿ ತೂಕವಿಲ್ಲ, ಪಾಲಿನ ಲೆಕ್ಕ;
ನನ್ನ ನೌಕರಿಯುದ್ದಕ್ಕೂ
ನನಗೆ ಹೆದರದೆ ಕೂತವಳು ಅವಳೊಬ್ಬಳೇ.

"ಸಾಲಾಜಾರನ ಕಾಲಕ್ಕೆ ನಾನು ಪೊಳೆಂ ಆಚೆಯ ಹುಡುಗಿ" ಅಂದಳು
ಸಿಪ್ಪೆ ಸುಲಿಯುತ್ತ.
"ಅವನ ಮೋರೆ ಕಂಡವಳಲ್ಲ. ಎಲ್ಲೋ ಲಿಸ್ಬನ್ನಿನಲ್ಲಿದ್ದನಂತೆ,
ಮೀಸೆ ಕೂಡ ಇರಲಿಲ್ಲವಂತೆ.
ನಾನು ಕಂಡದ್ದು ಅಕ್ಕನ ಮದುವೆ ಕಾಗದ.
ಅಚ್ಚಾಗುವ ಮೊದಲು ಕಚೇರಿಗೆ ಒಯ್ಯಬೇಕು,
ಮುದ್ರೆ ಬೀಳಬೇಕು, ನಿನ್ನ ಕಲ್ಲಿಗೆ ಬಿದ್ದ ಹಾಗೆ.
ಗಂಡಿನ ಹೆಸರು, ಹೆಣ್ಣಿನ ಹೆಸರು, ಮುಹೂರ್ತ—
ಅದರಲ್ಲಿ ಏನು ಹುಡುಕುತ್ತಿದ್ದರೋ!

ಮತ್ತೆ ಅಪ್ಪ ಮಾತಾಡುವ ಕ್ರಮ.
ಮೊದಮೊದಲು ಬಾಗಿಲು ಹಾಕಿ.
ಆಮೇಲೆ ಕಿಟಕಿಯನ್ನೂ.
ಆಮೇಲೆ ಎಲ್ಲ ತೆರೆದಿದ್ದರೂ ಸಣ್ಣ ದನಿ.
ರಾತ್ರಿ ಗಡಿ ದಾಟಿ ಮಾಜಾಳಿಗೆ ಬಂದೆವು,
ದನಿ ಮಾತ್ರ ದಾಟಲಿಲ್ಲ.
ಉಪ್ಪು ಕೇಳುವುದಿದ್ದರೂ ಪಿಸುಮಾತು, ಸಾಯುವವರೆಗೆ."

ಕೈ ತೊಳೆದಳು.
"ಇವನು ಅವನ ಹಾಗಾ ಅಲ್ಲವಾ, ನನಗೇನು ಗೊತ್ತು.
ಆ ಹುಡುಗ ಎಷ್ಟು ಗಟ್ಟಿಯಾಗಿ ಅಂದ, ಅದು ಹೇಳು."

ಗಟ್ಟಿಯಾಗೇ, ಅಂದೆ. ಪೇಟೆಗೆಲ್ಲ ಕೇಳುವಂತೆ.

"ಹಾಗಾದರೆ ಇನ್ನೂ ಹೊತ್ತಿದೆ"
ಎಂದು ನಾಲ್ಕು ಶೆಟ್ಲಿ ಹೆಚ್ಚಿಗೆ ಹಾಕಿದಳು.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಅವನು ಗ್ಲಾಸು ಕುಕ್ಕಿದ ಕೂಡಲೆ,
ಕಲ್ಲು, ಸೀಸ, ಇಸವಿ ಇವೆಲ್ಲಕ್ಕೂ ಮೊದಲು,
ನಾನು ಆಚೀಚೆ ನೋಡಿದ್ದೆ.
ಪಿಂಚಣಿಯ ಮನುಷ್ಯ, ಯಾರ ಹಂಗೂ ಇಲ್ಲ,
ಅವನ ಮಣಿಕಟ್ಟು ಹಿಡಿದು
"ಮೆಲ್ಲಗೆ, ಮೆಲ್ಲಗೆ" ಅಂದಿದ್ದೆ.
ಹಾಗೆನ್ನಲು ಯಾರೂ ನನಗೆ ಹೇಳಿರಲಿಲ್ಲ.

ಕಾಳಿ ಸೇತುವೆಯ ಮೇಲೆ ಬಸ್ಸು ನಿಂತೇ ಇತ್ತು.
ಚೀಲದಿಂದ ಮೀನಿನ ನೀರು ಚಪ್ಪಲಿಗೆ ತೊಟ್ಟಿಕ್ಕಿತು.
ಸದಾಶಿವಗಡದಲ್ಲಿ ಇಳಿದು, ಮನೆ ಹೊಕ್ಕು,
ಪೇಟೆಯ ಸುದ್ದಿ ಹೆಂಡತಿಗೆ ಹೇಳಲು ಬಾಯಿ ತೆರೆದೆ.

ಕಿಟಕಿ ತೆರೆದಿತ್ತು.
ಇರಲಿ, ಹಾಗೇ ಇರಲಿ ಎಂದು
ಎರಡು ಸಲ ಅಂದುಕೊಳ್ಳಬೇಕಾಯಿತು.